ಹಿಂದಿನ ಸೀಟಿನವರು

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಯಾರೋ ಡ್ರೈವರನ ಹೆಂಡತಿಯೇ ಕಟ್ಟಿರಬೇಕು. ಈ ಮನೆಯ ಡ್ರೈವರ್ ಒಂದು ಟ್ರಾವೆಲ್ಸ್‌ನ ವ್ಯಾನ್ ಓಡಿಸುತ್ತಿದ್ದ. ರಜೆಯ ಕಾಲ ಬಂತೆಂದರೆ ದಿನ ಬಿಟ್ಟು ದಿನ ಕಂಡವರ ಹೆಂಡಿರು ಮಕ್ಕಳನ್ನು ತುಂಬಿಕೊಂಡು ಸರೋವರಗಳ ಪಾರ್ಕಿಗೆ ಹೋಗಿಬರುತ್ತಿದ್ದ. ಒಂದರ ಕೆಳಗೊಂದು ಮೆಟ್ಟಿಲು ಕಟ್ಟಿದಂತೆ ಸರೋವರಗಳು, ಮೇಲಿನದು ತುಂಬಿ ಕೆಳಗಿನದಕ್ಕೆ ಧುಮುಕುವ ಜಲಪಾತಗಳು, ನೀರಿನ ಮೇಲೆಯೇ ಹಾಸಿದ ಹಲಗೆಯ ದಾರಿ. ರಾಷ್ಟ್ರೀಯ ಉದ್ಯಾನವನ ಎಂದು ಬೋರ್ಡು ಹಾಕಿದ ಮೇಲೆ ಅದನ್ನು ನೋಡಲು ಇಡೀ ದೇಶವೇ ಸಾಲುಗಟ್ಟಿ ನಿಂತಿತ್ತು. ನೋಡದೆ ಉಳಿದವರು ಡ್ರೈವರನ ಹೆಂಡತಿ, ಮಗಳು ಮತ್ತು ತಾಯಿ.

ನೋಡದಿದ್ದರೇನು, ಕೇಳಿ ಕೇಳಿ ಅವರ ಕಿವಿ ತೂತು ಬಿದ್ದಿತ್ತು. ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತನೆಂದರೆ ಅವನ ಬಾಯಲ್ಲಿ ನೀರಿನದೇ ಮಾತು. ಬೆಳಿಗ್ಗೆ ಹಸಿರು ಇದ್ದ ನೀರು ಮಧ್ಯಾಹ್ನಕ್ಕೆ ನೀಲಿಯಾಗುತ್ತದಂತೆ. ತಳದಲ್ಲಿ ಮುಳುಗಿದ ಮರದ ರೆಂಬೆಯನ್ನೂ ಎಣಿಸಬಹುದಂತೆ. ಹಲಗೆಯ ಮೇಲೆ ನಿಂತರೆ ಕಾಲಡಿಯಲ್ಲೇ ಮೀನು. ಅವನು ಹೀಗೆ ಜಲಪಾತ ಸುರಿಸುತ್ತಿರುವಾಗ ಮಗಳು ಕೆಳಗಿನ ನಲ್ಲಿಯಿಂದ ಬಕೆಟ್ ಹೊತ್ತು ಮೂರು ಅಂತಸ್ತು ಹತ್ತುತ್ತಿದ್ದಳು, ಯಾಕೆಂದರೆ ಆ ಕಟ್ಟಡದಲ್ಲಿ ಮೇಲಿನ ಮನೆಗಳಿಗೆ ನೀರು ಏರುತ್ತಿರಲಿಲ್ಲ. ಹೆಂಡತಿ ಬಡಿಸುತ್ತ ಹೂಂಗುಟ್ಟುತ್ತಿದ್ದಳು. ಅವನ ತಾಯಿ, ಆ ಮನೆಯ ಅಜ್ಜಿ, ಗೋಡೆಗೊರಗಿ ಕೂತು, ಹೆತ್ತದ್ದಕ್ಕೆ ಇಷ್ಟಾದರೂ ಕೇಳುವ ಭಾಗ್ಯ ಬಂತಲ್ಲ ಎಂಬಂತೆ ಮಗನ ಬಾಯನ್ನೇ ನೋಡುತ್ತಿದ್ದಳು.

ಕಿಡಿ ಹೊತ್ತಿದ್ದು ಲಾಂಡ್ರಿಯಲ್ಲಿ. ಹೆಂಡತಿ ಕೆಲಸ ಮಾಡುತ್ತಿದ್ದದ್ದು ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಹಾಕುವ ಜಾಗದಲ್ಲಿ. ದೊಡ್ಡ ಚಾದರವನ್ನು ಇಬ್ಬರು ಎದುರುಬದುರು ಹಿಡಿದು ಜಗ್ಗಿ, ಮಡಚುತ್ತ ಒಬ್ಬರತ್ತ ಒಬ್ಬರು ಬರಬೇಕು. ಅವಳ ಜೋಡಿಯವಳು ರಜೆ ಹಾಕಿ ಗಂಡ ಮಕ್ಕಳೊಂದಿಗೆ ಆ ಪಾರ್ಕಿಗೆ ಹೋಗಿಬಂದಿದ್ದಳು. ನಿಮ್ಮ ಯಜಮಾನರು ಅಲ್ಲೇ ಬಿದ್ದಿರುತ್ತಾರಲ್ಲ, ನೀವೆಷ್ಟು ಸಲ ನೋಡಿದ್ದೀರೋ ಏನೋ ಎಂದಳು. ಇವಳು ನಾಚಿಕೆಗೆ, ಬೇಕಾದಷ್ಟು ಸಲ ಎಂದುಬಿಟ್ಟಳು. ಹಸಿರು ನೀರು, ನೀಲಿ ನೀರು, ಮುಳುಗಿದ ಮರ ಎಲ್ಲ ಹೇಳಿದಳು. ದೋಣಿ ಯಾವ ಸರೋವರದಿಂದ ಹತ್ತಿದಿರಿ, ಮೇಲಿನದರಿಂದಲೋ ಕೆಳಗಿನದರಿಂದಲೋ ಎಂದು ಜೋಡಿಯವಳು ಕೇಳಿದಳು. ಗಂಡ ದೋಣಿಯ ವಿಷಯ ಹೇಳಿಯೇ ಇರಲಿಲ್ಲ. ಇಸ್ತ್ರಿಯ ಹಬೆಯಲ್ಲಿ ಮುಖ ಕೆಂಪಾಗಿದ್ದರಿಂದ ಬಚಾವಾದಳು.

ಅವತ್ತು ಸಂಜೆ ಅನ್ನದ ಪಾತ್ರೆ ನೆಲಕ್ಕೆ ಕುಕ್ಕಿದ ಸದ್ದಿಗೆ ಕೆಳಗಿನ ಮನೆಯವರು ಬಾಗಿಲು ತೆರೆದು ನೋಡಿದರು.

“ಊರವರ ಅಜ್ಜಿ ತಾತಂದಿರನ್ನೆಲ್ಲ ಕೈ ಹಿಡಿದು ಇಳಿಸ್ತೀರಿ. ನಿಮ್ಮ ಮನೆಯವರು ನೆನಪಿಗೆ ಬರಲ್ವಾ?” ಎಂದಳು ಹೆಂಡತಿ.

ಅವನಿಗೂ ರೇಗಿತು. ಓನರನ ನಿಯಮ ಅವಳಿಗೆ ಗೊತ್ತಿಲ್ಲವೇ, ಪಾರ್ಟಿ ಇರುವ ಗಾಡಿಯಲ್ಲಿ ಮನೆಯವರನ್ನು ಕೂರಿಸಿದರೆ ಕೀಲಿ ಕೊಟ್ಟು ನಡಿ ಎನ್ನುತ್ತಾನೆ, ಖಾಲಿ ಸೀಟಿಗೆ ಭಾವಮೈದುನನನ್ನು ಹತ್ತಿಸಿಕೊಂಡ ಒಬ್ಬನಿಗೆ ಅದೇ ಆಗಲಿಲ್ಲವೇ ಎಂದು ಕೂಗಾಡಿದ. ಅದು ಸುಳ್ಳಲ್ಲ, ಓನರ್ ಅಂಥವನೇ. ಹಾಗಾದರೆ ಬಸ್ಸಿನಲ್ಲಿ ಹೋಗೋಣ ಎಂದಳು. ಸೀಜನ್‌ನಲ್ಲಿ ಡ್ರೈವರಿಗೆ ರಜೆ ಎಲ್ಲಿಯದು, ಸೀಜನ್ ಮುಗಿದ ಮೇಲೆ ಅಲ್ಲಿ ನೋಡಲು ಏನಿದೆ ಎಂದ. ಹೀಗೆ ಎಲ್ಲ ಬಾಗಿಲನ್ನೂ ಮುಚ್ಚಿ, ಮೊಸರು ಹಾಕಿಸಿಕೊಂಡು, ಉಂಡು ಎದ್ದ. ಆದರೆ ಮರುದಿನದಿಂದ ತಟ್ಟೆಯ ಮುಂದೆ ನೀರಿನ ಮಾತು ನಿಂತಿತು. ಮಾತಾಡಿದರೆ ಯಾರೂ ಕೇಳುತ್ತಿರಲಿಲ್ಲ. ಕೇಳುವವರಿಲ್ಲದ ಊಟ ಅವನಿಗೆ ರುಚಿಸಲಿಲ್ಲ.

ಎರಡು ವಾರ ಕಳೆದ ಮೇಲೆ ಒಂದು ಸಂಜೆ ನಗುತ್ತ ಬಂದ. ಭಾನುವಾರ ಹಿಂದಿನ ಸೀಟು ಖಾಲಿ ಇದೆ, ಅಮ್ಮ ಮಗಳು ಇಬ್ಬರೂ ಹೊರಡಿ ಎಂದ. ಪಾರ್ಟಿ ಒಳ್ಳೆಯವರು, ಅವರೇ ಒಪ್ಪಿದ್ದಾರೆ, ಸಾಮಾನು ತರುತ್ತಾರೆ, ಅಲ್ಲೇ ಒಲೆ ಹೂಡಿ ಎಲ್ಲರೂ ಸೇರಿ ಊಟ ಮಾಡುವುದು. ನೀನೂ ಸ್ವಲ್ಪ ಕೈ ಹಾಕಿದರಾಯಿತು, ದೊಡ್ಡ ಪಾತ್ರೆ ಎರಡು ಇಟ್ಟುಕೋ ಎಂದ. ಅಜ್ಜಿಗೆ ಮಂಡಿನೋವು, ಇನ್ನೊಂದು ಸಲ ಎಂದಾಯಿತು. ಹೆಂಡತಿಗೆ ಅನುಮಾನ ಬರಬೇಕಿತ್ತು. ಆದರೆ ಇಷ್ಟು ವರ್ಷಕ್ಕೆ ಒಮ್ಮೆ ಗಂಡ ಹೊರಡಿ ಎಂದಾಗ ಯಾವ ಹೆಂಗಸು ಕೊಂಕು ತೆಗೆಯುತ್ತಾಳೆ. ಮಗಳ ಬಟ್ಟೆಗೆ ತಾನೇ ಇಸ್ತ್ರಿ ಹಾಕಿದಳು. ಲಾಂಡ್ರಿಯ ಜೋಡಿಯವಳಿಗೆ, ಮತ್ತೆ ಹೋಗ್ತಾ ಇದ್ದೀವಿ, ಇವರು ಬಿಡಲ್ಲ ಎಂದು ಹೇಳಿಕೊಂಡಳು.

ಭಾನುವಾರ ಪಾರ್ಟಿಯ ಮನೆ ಇನ್ನೂ ಎರಡು ಬೀದಿ ದೂರ ಇರುವಾಗ ಡ್ರೈವರ್ ಗಾಡಿ ನಿಲ್ಲಿಸಿ ಹಿಂದೆ ತಿರುಗಿದ. ಅವರು ಹತ್ತಿದ ಮೇಲೆ ಅಪ್ಪ ಗಿಪ್ಪ ಅಂತ ಕರೀಬೇಡ, ಓನರ್ ಕಿವಿಗೆ ಬಿದ್ದರೆ ಕಷ್ಟ ಎಂದು ಮಗಳಿಗೆ ಹೇಳಿದ. ಮಗಳು ಆಗಷ್ಟೇ ಕಾಲೇಜು ಸೇರಿದವಳು. ಅವಳಿಗೆ ಅದು ಕಳ್ಳಪೊಲೀಸ್ ಆಟದಂತೆ ಕಂಡು ನಕ್ಕಳು. ಹೆಂಡತಿ ನಗಲಿಲ್ಲ.

ಎರಡು ಸಂಸಾರಗಳು ಹತ್ತಿದವು. ಮುಂದಾಳು ಒಬ್ಬ ಮೇಡಂ, ಬ್ಯೂಟಿಪಾರ್ಲರ್ ನಡೆಸುವವಳು, ಎಲ್ಲರನ್ನೂ ಸಾಲಾಗಿ ಕೂರಿಸಿ ಕೊನೆಗೆ ಹಿಂದಿನ ಸೀಟಿನತ್ತ ನೋಡಿದಳು.

“ಓ, ಅಡುಗೆಯವಳು ಬಂದಿದ್ದಾಳೆ. ಖಾರ ಸ್ವಲ್ಪ ಕಮ್ಮಿ ಹಾಕಮ್ಮ, ಮಕ್ಕಳಿದ್ದಾರೆ. ಇವಳು ನಿನ್ನ ಮಗಳಾ? ಆಗಲಿ, ತರಕಾರಿ ಹೆಚ್ಚೋಕೆ ಕೈಗೊಬ್ಬಳು ಸಿಕ್ಕಿದ ಹಾಗಾಯ್ತು.”

ಹೆಂಡತಿ ಡ್ರೈವರನ ತಲೆಯ ಮೇಲಿನ ಕನ್ನಡಿಯನ್ನು ನೋಡಿದಳು. ಅದರಲ್ಲಿ ಅವನ ಕಣ್ಣು ಕಂಡಿತು. ಅವನು ಕೈ ಎತ್ತಿ ಕನ್ನಡಿಯನ್ನು ಪಕ್ಕಕ್ಕೆ ಸರಿಸಿ, ಗಾಡಿ ಶುರು ಮಾಡಿದ. ಒಂದೇ ಏಟಿಗೆ ಎರಡು ಹಕ್ಕಿ ಹೊಡೆದೆನೆಂದು ಹಿಗ್ಗಿದ್ದ ಮಹಾಶಯ. ಪಾರ್ಟಿ ಅಡುಗೆಯವಳು ಬೇಕೆಂದಿತ್ತು, ಹೆಂಡತಿ ಪಾರ್ಕು ನೋಡಬೇಕೆಂದಿದ್ದಳು. ಇಬ್ಬರ ಆಸೆಯೂ ತೀರುವಾಗ ಒಂದು ಸಣ್ಣ ಮಾತು ಮುಚ್ಚಿಟ್ಟರೆ ಯಾರ ಗಂಟು ಹೋಗುತ್ತದೆ ಎಂದು ಅವನು ಮನಸಾರೆ ನಂಬಿದ್ದ. ಹೆಂಡತಿ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದಳು. ಬಾಯಿ ಬಿಟ್ಟರೆ ಗಂಡನ ಕೆಲಸ ಹೋಗುತ್ತದೆ. ಪಾತ್ರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಕೂತಳು.

ಪಾರ್ಕಿನ ಗೇಟಿನ ಹೊರಗೆ ವಾಹನ ನಿಲ್ಲಿಸುವ ಬಯಲು, ಅದರ ತುದಿಯಲ್ಲಿ ತಗಡಿನ ಮಾಡು ಹಾಕಿದ ಅಡುಗೆ ಕಟ್ಟೆಗಳು. ಚಹಾ ಕುಡಿದು ಪಾರ್ಟಿ ಟಿಕೆಟ್ ತೆಗೆದುಕೊಂಡು ಒಳಗೆ ಹೋಯಿತು. ಅಮ್ಮ ಮಗಳು ಈರುಳ್ಳಿ ಸುಲಿದರು, ಬೇಳೆ ತೊಳೆದರು, ಹನ್ನೆರಡು ಜನಕ್ಕೆ ಅನ್ನಕ್ಕಿಟ್ಟರು. ಮರಗಳ ಆಚೆಯಿಂದ ನೀರು ಬೀಳುವ ಸದ್ದು ಒಂದೇ ಸಮನೆ ಬರುತ್ತಿತ್ತು. ಅಷ್ಟು ಹತ್ತಿರ. ಪಾರ್ಟಿ ಬರುವುದರೊಳಗೆ ನೀನಾದರೂ ಒಂದು ಕಣ್ಣು ನೋಡಿ ಬಾ, ಅಪ್ಪನ್ನ ದಾರಿ ಕೇಳು ಎಂದು ತಾಯಿ ಮಗಳನ್ನು ಕಳಿಸಿದಳು.

ಡ್ರೈವರುಗಳು ಒಂದು ಬಸ್ಸಿನ ನೆರಳಲ್ಲಿ ಇಸ್ಪೀಟು ಹಾಕಿದ್ದರು. ಮಗಳು ರೂಢಿಯಂತೆ ಅಪ್ಪ ಎಂದಳು. ಅವನು ಸುತ್ತ ನೋಡಿ ಗಂಟಲು ಸರಿಮಾಡಿಕೊಂಡು ಕೇಳಿದ:

“ಏನಮ್ಮ, ಅಡುಗೆ ಆಯ್ತಾ?”

ಎತ್ತಿ ಆಡಿಸಿದ ಮಗಳನ್ನು ಯಾರದೋ ಮನೆಯ ಹುಡುಗಿಯ ಹಾಗೆ ಏನಮ್ಮ ಎಂದ. ಮಗಳ ಮುಖ ಇಂಗು ತಿಂದ ಮಂಗನಂತಾಯಿತು. ಹೇಗೋ ಸಾವರಿಸಿಕೊಂಡು, ಜಲಪಾತಕ್ಕೆ ಯಾವ ಕಡೆ ಹೋಗಬೇಕು ಎಂದು ಕೇಳಿದಳು. ಅವನು ಕೈ ಬೀಸಿ ಆ ಕಡೆ ಎಂದ. ಆ ಕಡೆ ಹೋದರೆ ಶೌಚಾಲಯ, ಅದರ ಹಿಂದೆ ಮುಳ್ಳುತಂತಿ ಬೇಲಿ. ತಿರುಗಿ ಬಂದವಳನ್ನು ಕಂಡು ಇನ್ನೊಬ್ಬ ಡ್ರೈವರ್ ನಕ್ಕ. ಅವನನ್ನೇನು ಕೇಳ್ತೀಯಮ್ಮ, ಪಾರ್ಟಿಯ ಬ್ಯಾಗೆಲ್ಲ ಗಾಡಿಯಲ್ಲಿರುತ್ತೆ, ಬಿಟ್ಟು ಕದಲೋ ಹಾಗಿಲ್ಲ, ನಮ್ಮಲ್ಲಿ ಒಬ್ಬನೂ ಒಳಗೆ ಕಾಲಿಟ್ಟಿಲ್ಲ ಎಂದ.

ಮಗಳು ಬಂದು ಅಮ್ಮನಿಗೆ ಹೇಳಿದಳು. ಹಸಿರು ನೀರು, ನೀಲಿ ನೀರು, ಕಾಲಡಿಯ ಮೀನು, ಎಲ್ಲವೂ ವಾಪಸು ಬರುವಾಗ ಪಾರ್ಟಿಗಳು ಗಾಡಿಯಲ್ಲಿ ಆಡಿಕೊಂಡ ಮಾತು. ಅದನ್ನು ಮನೆಗೆ ತಂದು ತನ್ನದೆಂದು ಬಡಿಸುತ್ತಿದ್ದ. ಇನ್ನೊಂದು ದಿನವಾಗಿದ್ದರೆ ಹೆಂಡತಿಗೆ ಅವನ ಮೇಲೆ ಮರುಕ ಬರುತ್ತಿತ್ತೇನೋ. ಅವತ್ತು ಬರಲಿಲ್ಲ. ಸೌಟನ್ನು ಪಾತ್ರೆಗೆ ಎಷ್ಟು ಜೋರಾಗಿ ತಿರುಗಿಸಿದಳೆಂದರೆ ಸಾರು ಒಲೆಗೆ ಚೆಲ್ಲಿತು.

ಪಾರ್ಟಿ ಬಂದು ಉಂಡಿತು, ಹೊಗಳಿತು. ಪಾತ್ರೆ ತೊಳೆದು ಮುಗಿಯುವಷ್ಟರಲ್ಲಿ ಟಿಕೆಟ್ ಕೊಡುವ ಕಿಟಕಿ ಮುಚ್ಚುವ ಹೊತ್ತಾಯಿತು. ಹೊರಡುವಾಗ ಮೇಡಂ ತನ್ನ ಕೈಚೀಲದಿಂದ ಒಂದು ಹಳೆಯ ಸ್ವೆಟರ್ ತೆಗೆದು, ನಿನಗೆ ಸರಿಯಾಗುತ್ತೆ ನೋಡು ಎಂದು ಮಗಳ ಮುಂದೆ ಹಿಡಿದಳು. ಮಗಳು ಕೈ ಚಾಚಲಿಲ್ಲ. ಆಗ ಡ್ರೈವರ್ ಅಂದ:

“ತಗೋಮ್ಮ. ಮೇಡಂ ಪ್ರೀತಿಯಿಂದ ಕೊಡ್ತಿದ್ದಾರೆ.”

ಹೆಂಡತಿ ಮುಂದೆ ಬಂದು ಅದನ್ನು ತಾನೇ ಇಸಿದುಕೊಂಡಳು. ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಆ ಸ್ವೆಟರನ್ನು ನೆಲ ಒರೆಸುವ ಬಟ್ಟೆಯ ಜೊತೆ ಎಸೆದದ್ದು. ಆಮೇಲೆ ಜಗಳ. ಅವನದು ಒಂದೇ ರಾಗ. ನಿಮಗಾಗಿಯೇ ಅಲ್ಲವೇ ಮಾಡಿದ್ದು, ಮನೆಯಲ್ಲೂ ಮಾಡುವುದು ಅಡುಗೆಯೇ ತಾನೇ, ಅಲ್ಲಿ ಮಾಡಿದರೆ ಕಿರೀಟ ಬಿದ್ದುಹೋಯಿತೇ ಎಂದ. ಅಜ್ಜಿಯೂ ಮಗನ ಪರ ನಿಂತಳು. ಹೊಟ್ಟೆಪಾಡಿಗೆ ಒಂದು ಮಾತು ಮುಚ್ಚಿಟ್ಟ, ಅದಕ್ಕೇಕೆ ಮನೆ ಮೇಲೆಕೆಳಗೆ ಮಾಡ್ತೀಯ, ಅವನ ಕೆಲಸ ಹೋದರೆ ನಿನ್ನ ಇಸ್ತ್ರಿಪೆಟ್ಟಿಗೆ ಸಾಕುತ್ತಾ ಎಂದು ಸೊಸೆಯನ್ನೇ ಗದರಿದಳು.

“ಅಡುಗೆ ಮಾಡಿದ್ದಕ್ಕಲ್ಲ ಅತ್ತೆ. ಹತ್ತು ಮನೆ ಅಡುಗೆ ಬೇಕಾದ್ರೂ ಮಾಡ್ತೀನಿ,” ಎಂದಳು ಹೆಂಡತಿ. ಆಮೇಲೆ ಅವನತ್ತ ತಿರುಗಿದಳು. “ನಾನು ಯಾರು ಅಂತ ಹೇಳೋಕೆ ನಿಮಗೆ ನಾಲಿಗೆ ಬರಲಿಲ್ಲ. ಯಾರಾದ್ರೂ ಕೇಳಿದಾಗ ಎಲ್ಲರೆದುರು ಒಂದು ಸಲ ಹೇಳಿ, ಇವಳು ನನ್ನ ಹೆಂಡತಿ ಅಂತ. ಅಲ್ಲೀವರೆಗೂ ಈ ಮನೇಲಿ ನಾನು ಅಡುಗೆಯವಳೇ.”

ಅಂದಂತೆಯೇ ಮಾಡಿದಳು. ಮರುದಿನ ಬೆಳಿಗ್ಗೆ ಬಾಗಿಲ ಬಳಿ ನಿಂತು, ಸಾರ್, ಇವತ್ತು ಏನು ಮಾಡಲಿ ಎಂದು ಕೇಳಿದಳು. ಅವನು ತಮಾಷೆ ಎಂದುಕೊಂಡು ಮೊಟ್ಟೆ ಎಂದ. ಮೊಟ್ಟೆ ಬಂತು. ಹೇಳದ ಉಪ್ಪಿನಕಾಯಿ ಬರಲಿಲ್ಲ, ಹೇಳದ ನೀರೂ ಬರಲಿಲ್ಲ. ಅವನು ಉಣ್ಣುವಾಗ ಗೋಡೆಗೆ ಒರಗಿ ನಿಂತು, ಇನ್ನು ಸ್ವಲ್ಪ ಹಾಕಲಾ ಸಾರ್ ಎನ್ನುತ್ತಿದ್ದಳು. ಅವನು ಎದ್ದ ಮೇಲೆ ತಾನೂ ಮಗಳೂ ಅಡುಗೆಮನೆಯ ನೆಲದ ಮೇಲೆ ಕೂತು ಉಣ್ಣುತ್ತಿದ್ದರು. ಅವನ ಅಂಗಿ ತೊಳೆಯುವುದಿಲ್ಲ, ಅದು ಅಡುಗೆಯವರ ಕೆಲಸವಲ್ಲವಲ್ಲ. ಒಂದು ವಾರ ಹಲ್ಲು ಕಚ್ಚಿ ತಡೆದ. ಎರಡನೇ ವಾರ ತಟ್ಟೆ ಎತ್ತಿ ಗೋಡೆಗೆ ಬಡಿದ. ಅವಳು ನೆಲ ಒರೆಸಿ, ಬೇರೆ ತಟ್ಟೆ ಹಾಕಿ, ಬೇರೆ ಏನಾದ್ರೂ ಮಾಡಿಕೊಡಲಾ ಸಾರ್ ಎಂದಳು.

ಮಗಳು ಅದಕ್ಕೂ ಗಟ್ಟಿ. ಅವಳು ಅವನನ್ನು ಕರೆಯುವುದನ್ನೇ ಬಿಟ್ಟಳು. ಫೋನ್ ಬಂದರೆ ತಂದು ಪಕ್ಕದಲ್ಲಿಟ್ಟು ಹೋಗುತ್ತಿದ್ದಳು. ಕಾಲೇಜಿನ ಯಾವುದೋ ಸಹಿಗೆ ಅಜ್ಜಿಯ ಹತ್ತಿರ ಹೆಬ್ಬೆಟ್ಟು ಒತ್ತಿಸಿಕೊಂಡಳು. ಅಪ್ಪನಿಗೆ ಯಾಕೆ ತೋರಿಸಲಿಲ್ಲ ಎಂದು ಅಜ್ಜಿ ಕೇಳಿದಾಗ, ಅಪ್ಪ ಅನ್ನಬೇಡ ಅಂದಿದ್ದಾರೆ ಎಂದಳು. ಯಾರು ಅಂದದ್ದು, ಯಾವಾಗ ಎಂದು ಅಜ್ಜಿ ಬಗೆದು ಕೇಳಿದಳು. ಮಗಳು ವ್ಯಾನಿನಲ್ಲಿ ಹೇಳಿದ್ದನ್ನೂ, ಡ್ರೈವರುಗಳ ನಡುವೆ ಏನಮ್ಮ ಎಂದದ್ದನ್ನೂ, ಸ್ವೆಟರನ್ನು ತೆಗೆದುಕೊಳ್ಳಲು ಹೇಳಿದ್ದನ್ನೂ ಬಿಡಿಸಿ ಹೇಳಿದಳು. ಅಜ್ಜಿಗೆ ಅಡುಗೆಯ ಸಂಗತಿ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಅಜ್ಜಿ ಮಂಡಿ ತಿಕ್ಕಿಕೊಳ್ಳುತ್ತ ಸೊಸೆಯನ್ನು ಕರೆದು, ಯಾರಿಗೂ ಹೇಳಿರದ ಒಂದು ಮಾತು ಹೇಳಿದಳು. ಮಗ ಓದುತ್ತಿದ್ದ ಶಾಲೆಯಲ್ಲೇ ಅವಳು ಕಸ ಗುಡಿಸುತ್ತಿದ್ದಳು. ಗೆಳೆಯರ ಜೊತೆ ಎದುರಿಗೆ ಬಂದರೆ ಅವನು ಮುಖ ತಿರುಗಿಸಿ ಹೋಗುತ್ತಿದ್ದ. ಒಮ್ಮೆ ಗೆಳೆಯನೊಬ್ಬ ಯಾರೋ ಅದು ಎಂದಾಗ, ಕಸ ಗುಡಿಸೋಳು ಎಂದಿದ್ದ. ಹುಡುಗು ಬುದ್ಧಿ ಎಂದು ಅವಳು ನುಂಗಿಕೊಂಡಿದ್ದಳು. ಮನೆಗೆ ಬಂದವನಿಗೆ ಬಿಸಿ ಅನ್ನ ಬಡಿಸಿದ್ದಳು.

“ಅವತ್ತೇ ಎರಡು ಬಿಟ್ಟಿದ್ರೆ ಸರಿ ಹೋಗ್ತಿದ್ದ ಕಣೇ,” ಎಂದಳು. “ನಾನು ಅನ್ನ ಹಾಕಿ ಕೆಡಿಸಿದೆ.”

ಅವತ್ತಿನಿಂದ ಅಜ್ಜಿಯೂ ಮಗನ ಜೊತೆ ಕೂತು ಉಣ್ಣಲಿಲ್ಲ. ಡ್ರೈವರನಿಗೆ ಮನೆಯವರ ಮೇಲೆ ಮೈಯೆಲ್ಲ ಉರಿಯತೊಡಗಿತು. ದುಡಿದು ತಂದು ಹಾಕುವವನಿಗೆ ಮೂವರೂ ಸೇರಿ ಬಹಿಷ್ಕಾರ ಹಾಕುತ್ತೀರಾ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಿರುಚಿದ. ಮೂವರೂ ಒಳಗೆ ಬೀನ್ಸ್ ಸೋಸುತ್ತಿದ್ದರು. ಸೋಸುತ್ತಲೇ ಇದ್ದರು.

ಆದರೂ ಅವನಿಗೆ ಬುದ್ಧಿ ಬರಲಿಲ್ಲ ಎನ್ನುವುದಕ್ಕೆ ಸಾಕ್ಷಿ, ಅದರ ಮುಂದಿನ ವಾರ ಅವನು ತಂದ ಸಿಹಿಸುದ್ದಿ. ಬ್ಯೂಟಿಪಾರ್ಲರ್ ಮೇಡಂ ಓನರಿಗೆ ಫೋನ್ ಮಾಡಿ ಅಡುಗೆಯನ್ನು ಬಾಯಿತುಂಬ ಹೊಗಳಿದ್ದಳಂತೆ. ಓನರ್ ಖುಷಿಯಾಗಿ, ಆಯಮ್ಮನನ್ನೇ ಕಾಯಂ ಮಾಡು, ಭಾನುವಾರದ ಪಾರ್ಕಿನ ಟ್ರಿಪ್ಪಿಗೆಲ್ಲ ಅಡುಗೆಯವಳೂ ಸೇರಿ ಎಂದು ಬೋರ್ಡು ಹಾಕುತ್ತೇನೆ ಎಂದಿದ್ದನಂತೆ. ಡ್ರೈವರನ ಮುಖ ಅರಳಿತ್ತು.

“ಇನ್ನು ಕದ್ದು ಮುಚ್ಚಿ ಕೂರೋದು ಬೇಡ. ಪ್ರತಿ ವಾರ ನೀನು ನನ್ನ ಗಾಡೀಲೇ ಬರಬಹುದು.”

“ಏನಂತ ಬರಲಿ?” ಎಂದಳು ಹೆಂಡತಿ.

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಈ ಭಾನುವಾರ ಅದೇ ಮೇಡಂ ತನ್ನ ನೆಂಟರನ್ನು ಕರೆತರುತ್ತಾಳೆ, ನಾನು ಆಗಲೇ ಹೂಂ ಎಂದಿದ್ದೇನೆ ಎಂದ. ಜ್ವರ ಅಂತ ಹೇಳಿ ಸಾರ್ ಎಂದು ಅವಳು ಒಳಗೆ ಹೋದಳು. ಅವನು ಬೈದ, ಬೇಡಿಕೊಂಡ, ಮತ್ತೆ ಬೈದ. ಕೊನೆಗೆ ಜ್ವರವೆಂದೇ ಹೇಳಬೇಕಾಯಿತು.

ಶನಿವಾರ ಅವನು ಗಾಡಿ ತೊಳೆಯಲು ಹೋದಾಗ ಹೆಂಡತಿ ಅತ್ತೆಯ ಬಳಿ ಬಂದಳು. ನಾಳೆ ನಾನೂ ಮಗಳೂ ಬಸ್ಸಿನಲ್ಲಿ ಪಾರ್ಕಿಗೆ ಹೋಗುತ್ತೇವೆ, ಭಾನುವಾರ ಬಿಟ್ಟರೆ ಲಾಂಡ್ರಿಗೆ ರಜೆ ಇಲ್ಲ, ನಿಮಗೆ ಅನ್ನ ಮಾಡಿಟ್ಟು ಹೋಗುತ್ತೇನೆ ಎಂದಳು. ಅವನೂ ಅಲ್ಲೇ ಇರ್ತಾನಲ್ಲ ನಾಳೆ ಎಂದಳು ಅಜ್ಜಿ. ಇರಲಿ, ಪಾರ್ಕೇನು ಅವರ ಸ್ವಂತದ್ದಾ ಎಂದಳು ಸೊಸೆ.

“ಅನ್ನ ಕಟ್ಟಿಕೋ. ನಾನೂ ಬರ್ತೀನಿ,” ಎಂದಳು ಅಜ್ಜಿ. “ನೀರನ್ನೂ ನೋಡಬೇಕು, ಅವನನ್ನೂ ನೋಡಬೇಕು.”

ಬಸ್ಸಿನಲ್ಲಿ ಅಜ್ಜಿಗೆ ಯಾರೋ ಪುಣ್ಯಾತ್ಮ ಸೀಟು ಬಿಟ್ಟುಕೊಟ್ಟ. ಸೊಸೆ ಮೊಮ್ಮಗಳು ಕಂಬಿ ಹಿಡಿದು ನಿಂತೇ ಬಂದರು. ಪಾರ್ಕಿನಲ್ಲಿ ಇಳಿದಾಗ ಗೇಟಿನ ಮುಂದೆ ಜನವೋ ಜನ. ಹೆಂಡತಿ ಕಿಟಕಿಯಲ್ಲಿ ಟಿಕೆಟ್ ತೆಗೆಸಿದಳು, ತನ್ನ ಸಂಬಳದಲ್ಲಿ. ಮೂವರೂ ಒಳಹೋಗುವ ಸಾಲಿನಲ್ಲಿ ನಿಂತರು. ನೀರಿನ ಸದ್ದು ಕೇಳಿ ಅಜ್ಜಿ, ಇಷ್ಟು ಜೋರಾ ಎಂದಳು. ಸಾಲು ಸರಿಯುತ್ತ ಗೇಟು ಹತ್ತಿರ ಬರುವಾಗ ವ್ಯಾನು ಬಂತು. ಮೇಡಂ ಮತ್ತು ಅವಳ ನೆಂಟರು ಇಳಿದರು. ಹಿಂದೆಯೇ ಡ್ರೈವರ್ ಅವರ ನೀರಿನ ಡಬ್ಬಿಯನ್ನು ಹೆಗಲ ಮೇಲೆ ಹೊತ್ತು ಬಂದ.

ಮೊದಲು ಕಂಡದ್ದು ಮೇಡಮ್ಮಿಗೆ. ಸೀದಾ ಸಾಲಿನ ಪಕ್ಕಕ್ಕೆ ಬಂದಳು.

“ಏನಮ್ಮ ಇದು? ಜ್ವರ ಅಂದೆಯಂತೆ. ನಿನ್ನ ನಂಬಿಕೊಂಡು ನೆಂಟರನ್ನ ಕರಕೊಂಡು ಬಂದಿದ್ದೀನಿ. ನೀನು ನೋಡಿದ್ರೆ ಇಲ್ಲಿ ಟಿಕೆಟ್ ಹಿಡ್ಕೊಂಡು ತಿರುಗಾಡೋಕೆ ನಿಂತಿದ್ದೀಯ.”

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೆಂಡತಿ ತಲೆ ತಗ್ಗಿಸಲಿಲ್ಲ.

“ಅವರನ್ನೇ ಕೇಳಿ ಮೇಡಂ. ನಾನು ಯಾರು, ಇವರೆಲ್ಲ ಯಾರು ಅಂತ ಅವರಿಗೆ ಚೆನ್ನಾಗಿ ಗೊತ್ತು.”

ಮೇಡಂ ಡ್ರೈವರನ ಕಡೆ ತಿರುಗಿ, ಏನು ವಿಷಯ ಎಂದಳು. ಹೆಗಲ ಮೇಲಿನ ಡಬ್ಬಿಯನ್ನು ಅವನು ಇಳಿಸಲೂ ಇಲ್ಲ. ಹೆಂಡತಿಯನ್ನು ನೋಡಿದ. ಮಗಳನ್ನು ನೋಡಿದ. ಹುಡುಗಿ ಅವನ ಬಾಯಿಯನ್ನೇ ನೋಡುತ್ತಿದ್ದಳು. ಒಂದು ಮಾತು ಆಡಿದ್ದರೆ ಸಾಕಿತ್ತು. ಓನರ್ ಬೈಯುತ್ತಿದ್ದ, ಕೆಲಸವೂ ಹೋಗುತ್ತಿತ್ತೇನೋ, ಡ್ರೈವರ್ ಕೆಲಸ ಊರಲ್ಲಿ ಇನ್ನೊಂದು ಹುಟ್ಟುತ್ತಿತ್ತು. ಕೊನೆಗೆ ತಾಯಿಯನ್ನು ನೋಡಿದ. ಆಮೇಲೆ ಮೇಡಮ್ಮಿನ ಕಡೆ ತಿರುಗಿ ನಕ್ಕ.

“ಆಯಮ್ಮನ ಅತ್ತೆಗೆ ಇದನ್ನ ನೋಡೋ ಆಸೆ ಇತ್ತಂತೆ ಮೇಡಂ. ವಯಸ್ಸಾದೋರು. ಅದಕ್ಕೆ ಕರಕೊಂಡು ಬಂದಿರಬೇಕು.”

ಸುಳ್ಳು ಹೇಳಿದ ಎನ್ನುವ ಹಾಗಿಲ್ಲ. ಅಜ್ಜಿ ಅವಳ ಅತ್ತೆ ಹೌದು. ಹೆತ್ತ ತಾಯಿಯನ್ನು ಅವಳ ಕಣ್ಣೆದುರೇ ಆಯಮ್ಮನ ಅತ್ತೆ ಎಂದು ತೋರಿಸಿ, ಎಷ್ಟು ಚೆನ್ನಾಗಿ ಜಾರಿಕೊಂಡೆ ಎಂದು ಒಳಗೊಳಗೇ ಬೆವರು ಒರೆಸಿಕೊಂಡನಲ್ಲ, ಆ ಮನುಷ್ಯನಿಗೆ ಏನೆನ್ನಬೇಕೋ ನನಗೆ ತಿಳಿಯದು. ಹೆಂಡತಿ ಕೈಯಲ್ಲಿದ್ದ ಟಿಕೆಟುಗಳನ್ನು ಹಿಸುಕಿದಳು.

ಮೇಡಂ ಕೆಟ್ಟವಳಲ್ಲ. ಮುದುಕಿಯ ಮುಖ ನೋಡಿ ಅವಳ ಸಿಟ್ಟು ಇಳಿಯಿತು.

“ಹೌದಾ ಅಜ್ಜಿ? ನಿಮ್ಮ ಆಸೆಗೆ ಬಂದಿದ್ದಾ? ಮಗ ಬರಲಿಲ್ವಾ ಜೊತೆಗೆ?”

ಅಜ್ಜಿ ಡ್ರೈವರನ ಮುಖದಿಂದ ಕಣ್ಣು ತೆಗೆಯಲಿಲ್ಲ.

“ನನಗೆ ಮಗ ಇಲ್ಲಮ್ಮ,” ಎಂದಳು. “ಇವಳಿಗೆ ಗಂಡ ಇಲ್ಲ. ಈ ಮಗೂಗೆ ಅಪ್ಪ ಇಲ್ಲ. ಮೂರು ಜನ ಹೆಂಗಸರು ಇದ್ದೀವಿ, ಅಷ್ಟೇ.”

ಸಾಲಿನಲ್ಲಿ ಯಾರೋ ಅಯ್ಯೋ ಎಂದರು. ಮೇಡಮ್ಮಿನ ಕಣ್ಣು ತೇವವಾಯಿತು. ಅವಳು ಹೆಂಡತಿಯ ತೋಳು ಮುಟ್ಟಿ, ತಪ್ಪು ತಿಳ್ಕೋಬೇಡಮ್ಮ, ನೋಡಿಕೊಂಡು ಬನ್ನಿ ಎಂದಳು. ಆಮೇಲೆ ಡ್ರೈವರನತ್ತ ತಿರುಗಿ ದನಿ ತಗ್ಗಿಸಿದಳು.

“ನೀವಾದ್ರೂ ಒಂದು ಮಾತು ಹೇಳಬಾರದಿತ್ತಾ? ಗಂಡ ಇಲ್ಲದ ಹೆಂಗಸು ಅಂತ ನಿಮಗೆ ಗೊತ್ತಿತ್ತಲ್ವಾ?”

ಅಷ್ಟು ಹತ್ತಿರ ನಿಂತಿದ್ದರು ನಾಲ್ವರೂ. ಡಬ್ಬಿಯನ್ನು ಆ ಹೆಗಲಿನಿಂದ ಈ ಹೆಗಲಿಗೆ ಬದಲಿಸಿಕೊಂಡು ಡ್ರೈವರ್ ಹೇಳಿದ:

“ಗೊತ್ತಿತ್ತು ಮೇಡಂ.”

ಗೇಟಿನವನು ಬೇಗ ಬೇಗ ಎಂದು ಕೂಗಿದ. ಹೆಂಡತಿ ಮುದುರಿದ ಟಿಕೆಟುಗಳನ್ನು ಬಿಡಿಸಿ ಕೊಟ್ಟಳು, ಅವನು ಹರಿದು ಅರ್ಧ ವಾಪಸು ಕೊಟ್ಟ. ಅವಳು ಅತ್ತೆಯ ಕೈಯನ್ನು ತನ್ನ ಕಂಕುಳಲ್ಲಿ ಸೇರಿಸಿಕೊಂಡಳು.

“ನಡೀರಿ ಅತ್ತೆ. ಹಲಗೆ ಒದ್ದೆ ಇದೆ, ಮೆಲ್ಲಗೆ.”

ಮಗಳು ಮಾತ್ರ ಒಮ್ಮೆ ಹಿಂತಿರುಗಿ ನೋಡಿದಳು. ಅವನು ಡಬ್ಬಿ ಹೊತ್ತುಕೊಂಡು ಮೇಡಮ್ಮಿನ ನೆಂಟರಿಗೆ ಟಿಕೆಟ್ ಕಿಟಕಿ ತೋರಿಸುತ್ತಿದ್ದ.